ಪರವಾನಿಗೆ ಪಟ್ಟಿ ಹಿಡಿದು ಟೈಲ್ಸ್ ಮಾರಿದ್ದು

ಇದನ್ನು ಬರೆಯಲು ಕೂತು ಎರಡು ಸಾಲೂ ಆಗಿಲ್ಲ, ಅತ್ತೆ ಬಂದು ಕೊತ್ತಂಬರಿ ಸೊಪ್ಪು ಎಲ್ಲಿಟ್ಟಿದ್ದೀ ಅಂತ ಕೇಳಿ ಹೋದರು. ಫ್ರಿಜ್‌ನಲ್ಲಿ. ನಾನು ಮದುವೆಯಾಗಿ ಬಂದಾಗಿನಿಂದ ಅದು ಫ್ರಿಜ್‌ನಲ್ಲೇ ಇದೆ. ಒಂದು ಮಾತನ್ನು ಪೂರ್ತಿ ಮುಗಿಸಲು ನನಗೆ ಬಿಡುವವರು ಈ ಘಾಟ್ಕೋಪರಿನಲ್ಲಿ ಯಾರೂ ಇಲ್ಲ. ಅಂಥವಳಿಗೆ ಸಿಕ್ಕಿದ್ದು ಮನೆಯಲ್ಲೇ ಕೂತು ಫೋನಿನಲ್ಲಿ ಮಾತಾಡುವ ಕೆಲಸ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ.

ಕೆಲಸ ಇಷ್ಟೇ. ಮುಂಬಯಿಯಲ್ಲಿ ಕಟ್ಟುವವರು, ಒಡೆಯುವವರು, ರಿಪೇರಿ ಮಾಡಿಸುವವರು ಎಲ್ಲರೂ ಮುನಿಸಿಪಾಲಿಟಿಯಿಂದ ಪರವಾನಿಗೆ ತೆಗೆಯಬೇಕು. ಆ ಪರವಾನಿಗೆಗಳ ಪಟ್ಟಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದನ್ನು ನೋಡಿ ಕಂಟ್ರಾಕ್ಟರುಗಳಿಗೆ ಫೋನ್ ಮಾಡಿದರೆ ಬೇರೆ ಅಂಗಡಿಯವರಿಗಿಂತ ಮೊದಲೇ ಟೈಲ್ಸ್ ಮಾರಬಹುದು ಎಂದು ನಮ್ಮ ಟೈಲ್ಸ್ ಅಂಗಡಿಯ ಸೇಠ್‌ರ ತಲೆಗೆ ಯಾರೋ ತುಂಬಿದ್ದರು. ತಲೆಯಲ್ಲಿ ಜಾಗವೂ ಧಾರಾಳವಾಗಿತ್ತು.

"ಮೂರು ತಿಂಗಳಲ್ಲಿ ಒಬ್ಬನೇ ಒಬ್ಬ ಕಂಟ್ರಾಕ್ಟರ್ ನಿನ್ನ ಫೋನಿನಿಂದ ನನ್ನ ಅಂಗಡಿಗೆ ಬರಬೇಕು. ಇಲ್ಲದಿದ್ದರೆ ಪಟ್ಟಿ ವಾಪಸ್ ಕೊಡು" ಎಂದರು ಸೇಠ್.

ವಾಪಸ್ ಕೊಟ್ಟರೆ ನನಗೆ ಉಳಿಯುವುದು ಗ್ರಾಂಟ್ ರೋಡಿನ ಸೀರೆ ಅಂಗಡಿಯ ಹಳೆಯ ಕೆಲಸ. ಬೆಳಿಗ್ಗೆ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ನಾಲ್ಕು ವರ್ಷದ ಮಗಳನ್ನು ಇಡೀ ದಿನ ಟಿವಿಯ ಮುಂದೆ ಬಿಟ್ಟು ಹೋಗಬೇಕು. ಅದಕ್ಕಿಂತ ಕಂಟ್ರಾಕ್ಟರುಗಳೇ ವಾಸಿ ಅಂದುಕೊಂಡೆ.

೧. ಮೊದಲ ಫೋನ್

ಮೊದಲನೆಯ ದಿನ, ಮೊದಲನೆಯ ಕಂಟ್ರಾಕ್ಟರ್. ಸೇಠ್ ಬರೆದುಕೊಟ್ಟ ಹಿಂದಿ ಮಾತುಗಳನ್ನು ನಾನು ಒಪ್ಪಿಸುತ್ತಿದ್ದೆ. ಅಡುಗೆಮನೆಯಿಂದ ಅತ್ತೆ ಕೂಗಿದರು, "ಮಾರಾಯ್ತಿ, ಕುಕ್ಕರ್ ಎಷ್ಟು ಸೀಟಿ ಆಯ್ತು?"

ಕೈಸನ್ನೆ ಮಾಡಿದೆ. ಗೋಡೆಯಾಚೆ ಕೈಸನ್ನೆ ಹೇಗೆ ಕಾಣಬೇಕು? ಇನ್ನೂ ಜೋರಾಗಿ ಕೂಗಿದರು. ನಾನು ಕೇಳಿಸದವಳಂತೆ ಇಟಾಲಿಯನ್ ಡಿಸೈನಿನ ಬಗ್ಗೆ ಹೇಳುತ್ತಲೇ ಇದ್ದೆ.

ಕಂಟ್ರಾಕ್ಟರ್ ತಾಳ್ಮೆಯಿಂದ ಎಲ್ಲ ಕೇಳಿ ಹೇಳಿದ, "ಮೇಡಂ, ನಾಲ್ಕು ಆಯ್ತು. ಮೊದಲು ಗ್ಯಾಸ್ ಬಂದ್ ಮಾಡಿ."

೨. ದೊಡ್ಡ ಪಾರ್ಟಿ

ಪಟ್ಟಿಯಲ್ಲಿರುವ ನಂಬರ್ ಕಂಟ್ರಾಕ್ಟರನದೇ ಎಂದು ಸೇಠ್ ನಂಬಿದ್ದರು. ಎಷ್ಟೋ ಕಡೆ ಅರ್ಜಿ ತುಂಬಿಸಿಕೊಡುವ ಗುಮಾಸ್ತ ತನ್ನದೇ ನಂಬರ್ ಬರೆದಿರುತ್ತಾನೆ. ಮುಲುಂಡಿಗೆ ಮಾಡಿದೆ, ಒಬ್ಬ ಎತ್ತಿದ. ಚೆಂಬೂರಿಗೆ ಮಾಡಿದೆ, ಅವನೇ. ಸಾಯನ್‌ಗೆ ಮಾಡಿದರೆ, "ಬೋಲೋ ಬೆಹೆನ್, ಈ ಸಲ ಯಾವ ಬಿಲ್ಡಿಂಗ್?" ಎಂದ. ಹೀಗೆ ಹನ್ನೊಂದು ಸಲ.

"ಇವನು ಬರೀ ಫಾರಂ ತುಂಬಿಸುವವನು" ಎಂದು ಸೇಠ್‌ಗೆ ಹೇಳಲು ಬಾಯಿ ತೆಗೆದೆ. ಪೂರ್ತಿ ಕೇಳಬೇಕಲ್ಲ.

"ಹನ್ನೊಂದು ಬಿಲ್ಡಿಂಗ್ ಒಬ್ಬನದೇ? ದೊಡ್ಡ ಪಾರ್ಟಿ! ಮಿಠಾಯಿ ಕಳಿಸು."

ಒಂದು ಕಿಲೋ ಕಾಜು ಕತ್ಲಿ ಹೋಯಿತು. ಮರುದಿನ ಅವನೇ ಫೋನ್ ಮಾಡಿದ. "ಮಿಠಾಯಿ ಫಸ್ಟ್ ಕ್ಲಾಸ್, ಬೆಹೆನ್. ನಮ್ಮ ಒಂಟಿ ಕೋಣೆಯ ಖೋಲಿಯಲ್ಲಿ ಸ್ನಾನದ ಮೋರಿಯ ಒಂದು ಟೈಲ್ಸ್ ಒಡೆದಿದೆ. ಒಂದೇ ಒಂದು ಕೊಡ್ತೀರಾ?"

೩. ಬುನಾದಿ

ಫೋನಿನಲ್ಲಿ ಆಗದಿದ್ದರೆ ಸೈಟಿಗೇ ಹೋಗು ಎಂದರು ಸೇಠ್. ಪಟ್ಟಿಯ ಪ್ರಕಾರ ಅಲ್ಲಿ ಈಗಷ್ಟೇ ಬುನಾದಿ ತೋಡುತ್ತಿರಬೇಕು. ಮಗಳ ಕೈ ಹಿಡಿದುಕೊಂಡು, ಕ್ಯಾಟಲಾಗ್ ಹೊತ್ತುಕೊಂಡು ಹೋದೆ. ನೋಡಿದರೆ ಏಳು ಮಹಡಿ ಎದ್ದು, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿದೆ! ಅರ್ಧ ಬೆಲೆಗೆ ಸಿಕ್ಕಿತೆಂದು ಸೇಠ್ ಯಾವ ಕಾಲದ್ದೋ ಪಟ್ಟಿ ಕೊಂಡಿದ್ದರು.

ನನ್ನ ಕೈಯಲ್ಲಿ ಟೈಲ್ಸ್ ಕ್ಯಾಟಲಾಗ್ ಕಂಡದ್ದೇ ತಡ, ಗೇಟಿನಲ್ಲಿದ್ದ ಹೆಂಗಸರು ಸುತ್ತುವರಿದರು. "ಬಿಲ್ಡರ್ ಕಡೆಯವಳಾ?"

"ಅಲ್ಲ."

"ಅವರ ಕಡೆಯವರೆಲ್ಲ ಹಾಗೇ ಹೇಳುವುದು. ನಡಿ ಮೇಲೆ!"

ಮೂರು ಮನೆಯ ಬಾತ್‌ರೂಮ್ ತೋರಿಸಿದರು. ಯಾವುದರಲ್ಲೂ ನೀರು ಸರಿಯಾಗಿ ಹರಿದುಹೋಗುವುದಿಲ್ಲವಂತೆ. ನಾನು ನಂಬಿದ್ದೆ, ಆದರೂ ನನ್ನ ಮಗಳು ಮೂರನೆಯದರಲ್ಲಿ ಒಂದಕ್ಕೆ ಕೂತು ಖಾತ್ರಿ ಮಾಡಿಕೊಟ್ಟಳು.

೪. ಮಾಟುಂಗದ ಅಟ್ಟ

ಮೂರು ತಿಂಗಳು ಮುಗಿಯಲು ನಾಲ್ಕೇ ದಿನ. ಒಂದು ನರಪಿಳ್ಳೆಯೂ ಅಂಗಡಿಗೆ ಬಂದಿರಲಿಲ್ಲ. ಸೇಠ್ ಹೊಸ ಮಾತು ಬರೆದುಕೊಟ್ಟರು. ನಂಬಿಕೆ ಬರಲೆಂದು ಮೊದಲು ಪರವಾನಿಗೆ ನಂಬರ್ ಓದಬೇಕು. ಆಮೇಲೆ ವಿಳಾಸ. ಹೆಚ್ಚು ಮಾಲು ಹೋಗಲೆಂದು ಕೊನೆಗೆ ಕೇಳಬೇಕು: "ಪರವಾನಿಗೆಯಲ್ಲಿ ಬರೆದದ್ದು ಬಿಟ್ಟು ಅಲ್ಲಿ ಇನ್ನೇನು ಕೆಲಸ ನಡೆಯುತ್ತಿದೆ?"

ಮಾಟುಂಗದ ಒಂದು ಹೋಟೆಲಿನ ರಿಪೇರಿ ಕಂಟ್ರಾಕ್ಟರನಿಗೆ ಇದನ್ನು ಓದಿದೆ. ಅವನು ಪಕ್ಕದವರಿಗೆ ಕನ್ನಡದಲ್ಲಿ ಪಿಸುಗುಟ್ಟಿದ್ದು ಕೇಳಿಸಿತು: "ಬಂತು ಗ್ರಹಚಾರ. ಮುನಿಸಿಪಾಲಿಟಿ ಇನ್ಸ್‌ಪೆಕ್ಟರ್ ಹೆಂಗಸು!"

"ನಾನೂ ಕನ್ನಡದವಳೇ" ಎಂದೆ.

"ಓ, ನಮ್ಮವರೇ! ಮೇಡಂ, ಅಡುಗೆಮನೆಯ ಮೇಲೆ ಕಟ್ಟಿದ ಅಟ್ಟದ್ದು ಅಲ್ವಾ ನೀವು ಕೇಳಿದ್ದು? ಪರವಾನಿಗೆಯಲ್ಲಿ ಇಲ್ಲ, ಹೌದು. ತೆಗೆಸಿಬಿಡ್ತೇನೆ ಮಾರಾಯ್ರೆ."

"ಯಾವ ಅಟ್ಟ? ನಾನು ಟೈಲ್ಸ್ ಅಂಗಡಿಯಿಂದ..."

"ಅರ್ಥ ಆಯ್ತು, ಅರ್ಥ ಆಯ್ತು. ಫೋನಿನಲ್ಲಿ ಬೇಡ. ಯಾವ ಅಂಗಡಿಯಿಂದ ಟೈಲ್ಸ್ ತಗೊಳ್ಬೇಕು, ಅಷ್ಟು ಹೇಳಿ ಸಾಕು."

ಅಂಗಡಿಯ ವಿಳಾಸ ಹೇಳಿದೆ; ಮುಂದಿನ ಮಾತಿಗೆ ಮೊದಲೇ ಅವನು ಫೋನ್ ಇಟ್ಟ. ಕೊನೆಯ ದಿನ ಪಟ್ಟಿ ವಾಪಸ್ ಕೊಡಲು ಅಂಗಡಿಗೆ ಹೋಗಿ ನಿಂತಿದ್ದೆ. ಫೈಲು ಬಗಲಲ್ಲಿಟ್ಟುಕೊಂಡು ಆ ಮಹಾರಾಯ ಒಳಗೆ ಬಂದು, ಮಾಟುಂಗದ ಹೋಟೆಲಿನ ಕಂಟ್ರಾಕ್ಟರ್ ಎಂದ! ಸೇಠ್ ಕುರ್ಚಿ ಬಿಟ್ಟು ಎದ್ದರು. ನನ್ನ ಕೈಯಲ್ಲಿದ್ದ ಪರವಾನಿಗೆ ಪಟ್ಟಿ ನೋಡಿ ನಾನೇ ಆ ಇನ್ಸ್‌ಪೆಕ್ಟರ್ ಎಂದುಕೊಂಡ ಮಾಟುಂಗದವನು ಮೊಬೈಲ್ ತೆಗೆದು ನನಗೆ ಫೋಟೋ ತೋರಿಸಿದ. ಅಟ್ಟ ನೆಲಸಮ. ಇಟ್ಟಿಗೆ ರಾಶಿಯ ನಡುವೆ ಅಡುಗೆಭಟ್ಟರು ಸೌಟು ಹಿಡಿದು ಅಳುಮುಖ ಮಾಡಿಕೊಂಡು ನಿಂತಿದ್ದಾರೆ. ಆಮೇಲೆ ಅವನು ಸೇಠ್ ಕಡೆ ತಿರುಗಿ, ಅಡುಗೆಮನೆಗೆ ಪೂರ್ತಿ ಟೈಲ್ಸ್ ಇಲ್ಲಿಂದಲೇ ಎಂದ.

ಈಗಲಾದರೂ ಸತ್ಯ ಹೇಳೋಣವೆಂದು, "ನೋಡಿ, ನಾನು ಇನ್ಸ್‌ಪೆಕ್ಟರ್..." ಎಂದು ಶುರು ಮಾಡಿದೆ.

"ಅರೇ, ಮೇಡಂಗೆ ಚಹಾ ತನ್ನಿ!" ಎಂದು ಸೇಠ್ ಕೂಗಿದರು. ಮೂರು ತಿಂಗಳಲ್ಲಿ ಮೊದಲ ಸಲ ಸೇಠ್ ಬಾಯಲ್ಲಿ ನಾನು ಮೇಡಂ ಆದೆ. ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಅವರು ಕೇಳಲೇ ಇಲ್ಲ. ಆರ್ಡರ್ ಬರೆದುಕೊಳ್ಳುವುದರಲ್ಲಿ ಮುಳುಗಿದ್ದರು.

ಮಾಟುಂಗದವನು ನನ್ನ ಕಡೆ ಬಾಗಿ ದನಿ ತಗ್ಗಿಸಿದ.

"ಆದದ್ದು ಆಯ್ತು, ಮೇಡಂ. ಒಂದು ಮಾತ್ರ ಹೇಳಿ. ಆ ಅಟ್ಟದ ವಿಷಯ ನಿಮ್ಮ ಹತ್ತಿರ ಬಾಯಿ ಬಿಟ್ಟ ಮನೆಹಾಳ ಯಾರು?"