ಮೇ ತಿಂಗಳ ಧಾಬಳಿ

ನಮ್ಮೂರು ವಾಡಿಯ ಮೇ ತಿಂಗಳ ಬಿಸಿಲಿನಲ್ಲಿ ಗಡಗಡ ನಡುಗಬಲ್ಲ ಒಬ್ಬರೇ ಒಬ್ಬರೆಂದರೆ ನಮ್ಮ ಚಿಕ್ಕಮ್ಮ, ಕಾಕು! ನಾವೆಲ್ಲ ಒದ್ದೆ ಟವೆಲ್ ಹೊದ್ದು ‘ರಾಮಾ, ಕೃಷ್ಣಾ’ ಎನ್ನುತ್ತಿದ್ದರೆ, ಅವಳು ಮೂಲೆಯಲ್ಲಿ ಮುದುಡಿ ಕೂತು ಬಿಸಿನೀರು ಕೇಳುತ್ತಿದ್ದಳು. ಅದೇ ಕಾಕು ಡಿಸೆಂಬರಿನ ಬೆಳಗಿನಲ್ಲಿ ‘ಝಳ, ಝಳ’ ಎನ್ನುತ್ತ ಬರೀ ಫರಸಿ ನೆಲದ ಮೇಲೆ ಮಲಗುತ್ತಿದ್ದಳು. ಇಂಥವರನ್ನು ಎಲ್ಲಾದರೂ ಕಂಡಿದ್ದೀರಾ?

ತೊಂಬತ್ತರ ದಶಕದಲ್ಲಿ ಒಮ್ಮೆ ಬಂದ ಜ್ವರ ಬಿಟ್ಟರೂ, ಕಾಕುವಿನ ಸುಸ್ತು ಬಿಡಲಿಲ್ಲ. ಇವತ್ತು ನಾಲ್ಕು ಚಪಾತಿ ಲಟ್ಟಿಸಿದರೆ ನಾಳೆ ಇಡೀ ದಿನ ಹಾಸಿಗೆ. ಅದರ ಜೊತೆಗೇ ಈ ಥಂಡಿ-ಸೆಕೆಯ ಕಾಟ ಶುರುವಾಯಿತು.

ವಾಡಿಯಲ್ಲಿ ಸ್ವೆಟರ್ ಮಾರಲು ಕೂತವನು ಉಪವಾಸ ಬಿದ್ದಾನು! ಹಾಗಾಗಿ ಕಾಕು ನಮ್ಮ ಅಜ್ಜಿ ಮಡಿಗೆ ಉಡುತ್ತಿದ್ದ ಉಣ್ಣೆಯ ಧಾಬಳಿ ತೆಗೆದು ಹೊದ್ದಳು. ಆಯಿತಲ್ಲ ಅನಾಹುತ! ಸುಡು ಮಧ್ಯಾಹ್ನವೂ ಮಡಿ ಬಿಡದ ಮಹಾತಾಯಿ ಎಂದು ಓಣಿಯ ಹೆಂಗಸರು ಬಂದು ಕಾಲಿಗೆ ಬಿದ್ದರು.

“ಏ, ನಮಸ್ಕಾರ ಬ್ಯಾಡ್ರೆವಾ! ನಂದೇನು ವ್ರತ ಅಲ್ಲ, ನನಗ ಥಂಡಿ ಹತ್ಲಿಕತ್ತದ!”

“ನೋಡ್ರಿ, ಎಷ್ಟು ತಪಸ್ಸು ಮಾಡಿದ್ರೂ ಒಂದೀಟು ಅಹಂಕಾರ ಇಲ್ಲ” ಎಂದು ಅವರು ಮತ್ತೊಮ್ಮೆ ಬಿದ್ದರು.

ಊರಿಗೆ ತಪಸ್ವಿನಿ, ಮನೆಯಲ್ಲಿ ಮಾತ್ರ ಕೆಲಸಗಳ್ಳಿ. ನಮ್ಮ ಕಾಕಾ ಗಣಿತದ ಮಾಸ್ತರರು. ಕಾಕು ನಡುಗಿದಾಗಲೆಲ್ಲ ಥರ್ಮಾಮೀಟರ್ ಇಟ್ಟು, ನೋಡಿ, ತೀರ್ಪು ಕೊಡುತ್ತಿದ್ದರು. “ನಾರ್ಮಲ್ ಅದ. ನಿನಗೇನೂ ಆಗಿಲ್ಲ. ಕೆಲಸ ತಪ್ಪಿಸ್ಲಿಕ್ಕೆ ಇದೊಂದು ನಾಟಕ.”

“ಹಂಗಾದ್ರ ಆ ಕಾಜಿನ ಕಡ್ಡಿ ಕೂಡೇ ಸಂಸಾರ ಮಾಡ್ರಿ!” ಎನ್ನುತ್ತಿದ್ದಳು ಕಾಕು. ನಾವು ನಗುತ್ತಿದ್ದೆವು. ಆದರೆ ಒಮ್ಮೆ ನನ್ನೊಬ್ಬನ ಮುಂದೆ ಅಂದಳು: “ರೋಗ ಇದ್ರ ಇರ್ಲಿ ಬಿಡೋ. ಸುಳ್ಳಿ ಅನ್ನಿಸಿಕೊಂಡು ಸಾಯೋದು ಮಾತ್ರ ನನಗ ಬ್ಯಾಡ.”

ಎರಡು ಸಾವಿರದ ಸುಮಾರಿಗೆ ಒಂದು ಬೇಸಿಗೆಯಲ್ಲಿ ಅವಳನ್ನು ಗುಲ್ಬರ್ಗಾಕ್ಕೆ ಕರೆದೊಯ್ದೆವು. ಅಲ್ಲಿಯ ಡಾಕ್ಟರಮ್ಮ ತಾಸುಗಟ್ಟಲೆ ಕೇಳಿ, ತಪಾಸಣೆ ಮಾಡಿಸಿ, ಕಾಕಾನ ಕಡೆ ತಿರುಗಿದರು. “ದೀರ್ಘಕಾಲದ ಆಯಾಸದ ರೋಗ ಇದು. ಮೈ ತನ್ನ ಕಾವು ತಾನು ಸಂಭಾಳಿಸೋ ಹದ ತಪ್ಪೇದ. ಥರ್ಮಾಮೀಟರ್ ನಾರ್ಮಲ್ ತೋರಿಸಿದ್ರೂ ಇವ್ರಿಗಿ ಥಂಡಿ ಖರೇನೇ ಹತ್ತತದ. ಪೂರಾ ಗುಣಾ ಮಾಡೋ ಔಷಧ ಇಲ್ಲ. ದಣೀಲಿಕ್ಕೆ ಬಿಡಬ್ಯಾಡ್ರಿ.”

ವಾಪಸ್ ಬರುವಾಗ ಪ್ಯಾಸೆಂಜರ್ ರೈಲು ಕಿಕ್ಕಿರಿದಿತ್ತು. ಕಾಕು ನಡುಗತೊಡಗಿದಳು. ಕಾಕಾ ಎದ್ದವರೇ ನಮ್ಮ ಕಡೆಯ ಖಿಡಕಿಗಳನ್ನೆಲ್ಲ ದಡದಡ ಮುಚ್ಚಿಬಿಟ್ಟರು. ಮೇ ತಿಂಗಳಲ್ಲಿ! ಇಡೀ ಡಬ್ಬಿ ಅವರ ಮೇಲೆ ಹರಿಹಾಯ್ದಿತು.

“ಮಾಸ್ತರ್ರ, ಜೀವ ಹೋಗ್ಲಿಕತ್ತದ, ತೆಗೀರಿ!” ಎಂದ ಎದುರಿನವನು.

“ನಮ್ಮ ಮನಿಯಾಕಿಗಿ ಥಂಡಿ ಹತ್ತೇದ.”

“ಈ ಬಿಸಿಲಾಗ ಯಾರಿಗಿ ಥಂಡಿ ಹತ್ತತದ್ರಿ? ಸುಳ್ಳ!”

ಕಾಕಾ ಅವನ ಮುಖದ ಹತ್ತಿರ ಬಗ್ಗಿದರು. “ಆಕಿ ಸುಳ್ಳು ಹೇಳೋದಿಲ್ಲ.”

ಎದುರಿನವನು ಟವೆಲ್ ಬೀಸಿಕೊಳ್ಳುತ್ತ ಕೂತ. ಶಹಾಬಾದ್ ದಾಟುತ್ತಲೇ ಕಾಕು ಸಣ್ಣ ದನಿಯಲ್ಲಿ, “ರೀ… ಈಗ ಝಳ ಆಗ್ಲಿಕತ್ತದ” ಎಂದಳು. ಎಲ್ಲರೂ ಕಾಕಾನನ್ನೇ ನೋಡಿದರು. ಅವರು ಎದ್ದು ಖಿಡಕಿ ತೆಗೆದರು. ಸ್ವಲ್ಪ ಹೊತ್ತಿಗೆ ಮತ್ತೆ ಥಂಡಿ, ಮತ್ತೆ ಮುಚ್ಚಿದರು. ಹೀಗೆ ವಾಡಿ ಬರುವವರೆಗೂ ತೆಗೆದರು, ಮುಚ್ಚಿದರು. ಕಾಕು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಲೇ ಇದ್ದಳು. ಕಾಕಾ ಒಮ್ಮೆಯೂ “ಖರೇನ?” ಎಂದು ಕೇಳಲಿಲ್ಲ.