ಹೆಚ್ಚು ಕಾದ ಮನೆಗೆ ಮೊದಲು ಬಣ್ಣ

ನನ್ನ ಹೆಂಡತಿ ಯಶೋಧರಾಗೆ ನನ್ನ ಬುದ್ಧಿಯ ಮೇಲೆ ಗೌರವವಿಲ್ಲ. ತಲೆಯ ಮೇಲಿನ ತಗಡಿನ ಮೇಲಂತೂ ಮೊದಲೇ ಇಲ್ಲ. ಕೊಟ್ಟೂರಿನಲ್ಲಿ ನಮ್ಮದು ಬಾಡಿಗೆಯ ತಗಡಿನ ಮನೆ. ಬಡವರ ತಗಡಿನ ಮನೆಗಳಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸುವ ಸಂಸ್ಥೆಯೊಂದರಲ್ಲಿ ನಾನು ಮೇಲ್ವಿಚಾರಕ. (ಸಂಬಳ ನೋಡಿದರೆ ನಾನೂ ಫಲಾನುಭವಿಯೇ.) ಕಳೆದ ವರ್ಷ ಮೊದಲು ಕೇಳಿದವರಿಗೆಲ್ಲ ಕೊಟ್ಟು, ಬೇವಿನ ಮರದ ನೆರಳಲ್ಲಿದ್ದ ಮನೆಗೂ ಬಣ್ಣ ಬಳಿದಿದ್ದೆವು. ಈ ಸಲ ಬಂದದ್ದು ಬರೀ ಹತ್ತು ಮನೆಗೆ ಸಾಕಾಗುವಷ್ಟು. ಒಂದು ಹನಿಯೂ ದಂಡವಾಗಬಾರದೆಂದು ನಾನೊಂದು ಮಹಾಸೂತ್ರ ಹೊರಡಿಸಿದೆ: ಮಧ್ಯಾಹ್ನ ಮನೆಮನೆಗೆ ಹೋಗಿ ಥರ್ಮಾಮೀಟರ್ ಹಿಡಿಯುವುದು, ಹೆಚ್ಚು ಕಾದ ಮನೆಗೆ ಮೊದಲು ಬಣ್ಣ.

"ನಮ್ಮ ಮನೀನೂ ಅಳೀರಿ," ಎಂದಳು ಯಶೋಧರಾ.

"ಅಳಿತೀನಿ. ಆದ್ರ ಸ್ವಂತದೋರಂತ ಮುಂದ ಹಾಕಂಗಿಲ್ಲ."

"ನೀವು ನನ್ನ ಯಾವಾಗ ಮುಂದ ಹಾಕೀರಿ?"

ನಮ್ಮ ಓಣಿಯ ಮುದುಕಿ ಜೋಗಮ್ಮನ ಮನೆ ಕುಲುಮೆಯೇ ಸರಿ. ಅಲ್ಲಿ ಮೊಮ್ಮಗಳ ಬಾಣಂತನ ಬೇರೆ. ಕೂಸಿನ ಮೈತುಂಬ ಬೆವರುಸಾಲೆ. ಆ ಮನೆಯೇ ಮೊದಲು ಬರುತ್ತದೆಂದು ನಂಬಿ ಹೋದರೆ, ಒಳಗೆ ಸೆಖೆಯೇ ಇಲ್ಲ. ತಗಡಿನ ಮೇಲೆ ಒದ್ದೆ ಗೋಣಿಚೀಲ, ನೆಲಕ್ಕೆಲ್ಲ ನೀರು, ಪಕ್ಕದ ಮನೆಯಿಂದ ತಂದ ಫ್ಯಾನು ನನ್ನ ಮುಖಕ್ಕೆ.

"ಇದೇನವ್ವ ಜೋಗಮ್ಮ, ಇಷ್ಟೆಲ್ಲ?"

"ಮನಿಗೆ ಬಂದೋರನ್ನ ಬೆವರಿಸಿ ಕಳಸಾಕಾಗತೈತೇನ್ರಿ? ಮುಂಜಾನಿಂದ ನೀರು ಹೊತ್ತು ಹಾಕೀವಿ. ಮಜ್ಜಿಗಿ ಕುಡೀರಿ."

ಎಲ್ಲ ಮನೆಗಳಲ್ಲೂ ಇದೇ ಉಪಚಾರ. ಹೊಟ್ಟೆ ತುಂಬ ಮಜ್ಜಿಗೆ ಸಿಕ್ಕಿತು, ಬಿಸಿ ಮಾತ್ರ ಸಿಗಲಿಲ್ಲ. ನನ್ನನ್ನು ಅತಿಥಿಯೆಂದು ಕಾಣದ ಮನೆ ಊರಲ್ಲಿ ಒಂದೇ. ಅಲ್ಲಿ ಯಶೋಧರಾ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೀಗಾಗಿ ಪಟ್ಟಿಯಲ್ಲಿ ನನ್ನ ಮನೆಯೇ ಮೊದಲು, ಜೋಗಮ್ಮನದು ಕಟ್ಟಕಡೆ.

ಓಣಿಯೆಲ್ಲ ಗುಸುಗುಸು ಶುರುವಾಯಿತು. ಕೂಸಿನ ಅಳು ನಮ್ಮ ಮನೆಯವರೆಗೂ ಕೇಳುತ್ತಿತ್ತು. ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ನಿಜಕ್ಕೂ ನಾಚಿಕೆಯಾಯಿತು.

ಯಶೋಧರಾ ಥರ್ಮಾಮೀಟರನ್ನು ಸೆರಗಿಗೆ ಕಟ್ಟಿಕೊಂಡಳು. "ನೀವು ಸಾಹೇಬ್ರು. ನಾನು ಹೋದ್ರ ಯಾರೂ ನೀರು ಹಾಕಂಗಿಲ್ಲ," ಎಂದು ಹೊರಟು, ಸಕ್ಕರೆ ಕಡ ಕೇಳುವ ನೆಪದಲ್ಲಿ ಎಲ್ಲ ಮನೆ ಹೊಕ್ಕು ಬಂದಳು. ಹೊಸ ಪಟ್ಟಿಯಲ್ಲಿ ಜೋಗಮ್ಮನೇ ಮೊದಲು. ಬಣ್ಣ ಹತ್ತು ಮನೆಗೆ ಮುಗಿಯಿತು, ಹನ್ನೊಂದನೆಯದು ನಮ್ಮದು.

"ನಮ್ಮನಿ ಒಲಿ ಆರಿಸಿ ಅಳದೀನ್ರಿ. ನ್ಯಾಯ ಅಂದ್ರ ನ್ಯಾಯ," ಎಂದಳು.

ಮುಂದಿನ ಅಳತೆಯನ್ನೆಲ್ಲ ಸಂಸ್ಥೆ ಅವಳಿಗೇ ವಹಿಸಿದೆ. ಮಧ್ಯಾಹ್ನವಾದರೆ ಅವಳು ಜೋಗಮ್ಮನ ಬಿಳಿ ತಗಡಿನ ಕೆಳಗೆ ಕೂಸಿನ ಪಕ್ಕ ತಣ್ಣಗೆ ಮಲಗುತ್ತಾಳೆ. ನಿನ್ನೆ ನಮ್ಮ ಮನೆಯ ಝಳ ತಡೆಯಲಾರದೆ ನಾನೂ ಹೋಗಿ ಬಾಗಿಲು ತಟ್ಟಿದೆ. ಜೋಗಮ್ಮ ಅರ್ಧ ಬಾಗಿಲು ತೆರೆದಳು.

"ಅಳತಿ ಮುಗದೈತಲ್ರಿ. ಒಳಗ ಹೆಣ್ಮಕ್ಕಳು ಮಕ್ಕೊಂಡಾರ, ಸಂಜಿಮುಂದ ಬರ್ರಿ," ಎಂದು ಮೆತ್ತಗೆ ಹೇಳಿ ಬಾಗಿಲು ಮುಂದೆ ಮಾಡಿದಳು.