ಡುಬ್ಬವಿಲ್ಲದ ಹೋರಿಯ ಸವಾರಿ

ಹೆಗಲಿನಿಂದ ಬಾಲದ ಬುಡದವರೆಗೆ ಐವತ್ತೊಂದೂವರೆ ಇಂಚು. ಬಟ್ಟೆ ಹೊಲಿಯುವವರ ಟೇಪಿನಲ್ಲಿ, ಬೆಳಿಗ್ಗೆ ಮೇವು ಹಾಕುವುದಕ್ಕೆ ಮುಂಚೆ, ಎರಡು ಸಲ ಅಳೆದದ್ದು. ಟೇಪಿನ ಒಂದು ತುದಿ ಹಿಡಿದಿದ್ದವರು ನಮ್ಮ ಅತ್ತೆ. ಇನ್ನೊಂದು ತುದಿ, ಅಂದರೆ ಬಾಲದ ಕಡೆಯ ತುದಿ, ಹಿಡಿದಿದ್ದವಳು ನಾನು. ಆದ್ದರಿಂದ ನಮ್ಮ ಅತ್ತೆಗೆ ತಲೆ ಕೆಟ್ಟಿದೆ ಎಂದು ಇಡೀ ಕಾಡುಗೋಡಿ ಹೇಳಿದರೂ ನಾನು ಮಾತ್ರ ಹೇಳುವ ಹಾಗಿಲ್ಲ. ಹೇಳಿದರೆ ಟೇಪು ಹಿಡಿದವಳ ತಲೆಯ ಬಗ್ಗೆಯೂ ಪ್ರಶ್ನೆ ಏಳುತ್ತದಲ್ಲ!

ಅತ್ತೆ ಎಂದರೆ ಅಪ್ಪನ ತಂಗಿ. ನಮ್ಮ ಮನೆಯಲ್ಲೇ ಇರುವವರು. ಸುತ್ತಲಿನ ಹೊಲಗಳೆಲ್ಲ ಒಂದೊಂದಾಗಿ ಗಾಜಿನ ಕಟ್ಟಡಗಳಾಗುತ್ತಿದ್ದ ಕಾಲದಲ್ಲೂ ಮನೆಯ ಹಿಂದಿನ ಕೊಟ್ಟಿಗೆಯನ್ನೂ ಅದರಲ್ಲಿದ್ದ ಎರಡು ಸೀಮೆಹಸುಗಳನ್ನೂ ಬಿಟ್ಟುಕೊಡದವರು. ಬೆಳಿಗ್ಗೆ ಎರಡು ಕ್ಯಾನು ಹಿಡಿದು ಕಂಪನಿ ಹುಡುಗ ಹುಡುಗಿಯರಿರುವ ಪೀಜಿಗಳಿಗೆ ಹಾಲು ಹಾಕಿ, ಉಳಿದದ್ದನ್ನು ಡೈರಿಗೆ ಅಳೆದು ಬರುತ್ತಿದ್ದರು. ಎಲ್ಲವೂ ನಡೆದುಕೊಂಡೇ. ಮಂಡಿ ನೋವು ಎಂದು ಒಮ್ಮೆ ಸ್ಕೂಟಿ ಕಲಿಯಲು ಹೋಗಿ ಎದುರು ಮನೆಯ ಕಾಂಪೌಂಡಿನೊಳಕ್ಕೆ ಗೇಟಿನ ಸಮೇತ ನುಗ್ಗಿದ್ದರು. ಯಾಕೆ ಬ್ರೇಕ್ ಹಿಡಿಯಲಿಲ್ಲ ಎಂದು ಕೇಳಿದರೆ, “ಸ್ಕೂಟಿಗೆ ಬುದ್ಧಿ ಇಲ್ಲ ಕಣೇ. ನಾನು ಬೀಳ್ತಾ ಇವ್ನಿ ಅಂತ ಗೊತ್ತಾದ್ರೂ ಮುಂದಕ್ಕೇ ಓಯ್ತದೆ!” ಅಂದರು.

ಹೀಗಿರುವಾಗ ದೊಡ್ಡ ಹಸು ಕರು ಹಾಕಿತು.

“ಗಂಡು” ಎಂದರು ಅಪ್ಪ, ಫೇಲಾದವರ ಪಟ್ಟಿ ಓದುವ ದನಿಯಲ್ಲಿ. “ಅದೂ ಸೀಮೇದು. ಡುಬ್ಬ ಬೇರೆ ಬರಲ್ಲ.”

ಈ ಡುಬ್ಬದ ವಿಷಯ ಸ್ವಲ್ಪ ಹೇಳಬೇಕು. ನಾಟಿ ಹೋರಿಗಳ ಹೆಗಲ ಮೇಲೆ ಡುಬ್ಬ ಇರುತ್ತದೆ. ನೊಗ ಅದಕ್ಕೆ ಆತುಕೊಂಡು ನಿಲ್ಲುತ್ತದೆ. ಸೀಮೆ ಹೋರಿಗೆ ಆ ಜಾಗ ಬೋಳು. ಹಾಲು ಕೊಡುವುದಿಲ್ಲ, ಗಾಡಿ ಎಳೆಯುವುದಿಲ್ಲ, ಉಳೋಣವೆಂದರೆ ಹೊಲವೇ ಇಲ್ಲ. ಇಂಥ ಕರುಗಳನ್ನು ಒಬ್ಬ ವ್ಯಾಪಾರಿ ಟೆಂಪೊ ತಂದು ಹತ್ತಿಸಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಎಂದು ಕೇಳುವ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ.

“ಕೆಲ್ಸಕ್ಕೆ ಬರಲ್ಲ ಕಣಮ್ಮ. ಕಳಿಸ್ಬಿಡಾನ” ಎಂದರು ಅಪ್ಪ.

ಅತ್ತೆ ಕರುವಿನ ಒದ್ದೆ ಬೆನ್ನಿನ ಮೇಲೆ ಅಂಗೈ ಆಡಿಸಿದರು. “ಡುಬ್ಬ ಇಲ್ಲ ಅಂದ್ರೆ ಬೆನ್ನು ಚಪ್ಪಟೆ ಅಂತ ತಾನೆ ಅಣ್ಣ?”

“ಊಂ. ಅದಕ್ಕೇ...”

“ಚಪ್ಪಟೆ ಅಂದ್ರೆ ಸೀಟು! ನಾನು ಇದ್ರ ಮೇಲೆ ಕೂತ್ಕಂಡೇ ಡೈರಿಗೆ ಓಯ್ತೀನಿ.”

ಅಪ್ಪ ನಕ್ಕರು. ಸ್ವಲ್ಪ ದಿನದಲ್ಲಿ ಮರೆಯುತ್ತಾಳೆ ಎಂದುಕೊಂಡಿರಬೇಕು; ತಂಗಿಯನ್ನು ಐವತ್ತು ವರ್ಷ ನೋಡಿಯೂ ಹಾಗೆ ಅಂದುಕೊಂಡದ್ದು ಅವರದೇ ತಪ್ಪು. ಎರಡು ಯುಗಾದಿ ಕಳೆಯುವವರೆಗೆ ವಾಯಿದೆ ಕೊಟ್ಟರು. ಅಷ್ಟರಲ್ಲಿ ಹೋರಿಯ ಮೇಲೆ ಕೂತು ಡೈರಿಗೆ ಹೋಗಿ ಬಂದರೆ ಅದು ಮನೆಯಲ್ಲಿರುತ್ತದೆ. ಇಲ್ಲವಾದರೆ ಟೆಂಪೊ.

“ಸೋತ್ರೆ ನಾನೇ ಗೇಟು ತೆಗೀತೀನಿ” ಎಂದರು ಅತ್ತೆ.

ಕರುವಿಗೆ ಮೇನೇಜರ್ ಎಂದು ಹೆಸರಿಟ್ಟರು. ಯಾಕೆ ಎಂದು ಕೇಳಿದ ಪೀಜಿ ಹುಡುಗಿಗೆ, “ಕೆಲ್ಸ ಮಾಡಲ್ಲ, ಕೂತಲ್ಲೇ ಮೇಯ್ತದೆ, ಬಂದ್ರೆ ಎಲ್ಲಾರೂ ದಾರಿ ಬಿಡ್ತಾರೆ. ಇನ್ನೇನಮ್ಮ ಬೇಕು?” ಎಂದರು. ಆ ಹುಡುಗಿ ಎಷ್ಟು ನಕ್ಕಳೆಂದರೆ, ಅವಳ ಮೇನೇಜರ್ ಯಾರೋ ನನಗೆ ಗೊತ್ತಿಲ್ಲದಿದ್ದರೂ ಅವರ ಬಗ್ಗೆ ಕನಿಕರವಾಯಿತು.

ನಾನು ಆಗ ಫಿಸಿಕ್ಸಿನಲ್ಲಿ ಎಂ.ಎಸ್ಸಿ. ಮುಗಿಸಿ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಹೋರಿಗೆ ಒಂದೂಮುಕ್ಕಾಲು ವರ್ಷವಾಗಿ, ಪಶುವೈದ್ಯರು ಬಂದು ಮಾಡಬೇಕಾದ್ದನ್ನು ಮಾಡಿ ಅದನ್ನು ಸಾಧುವಾಗಿಸಿ ಹೋದ ಮೇಲೆ, ಅತ್ತೆ ಟೇಪು ತಂದು ನನ್ನ ಕೈಗೆ ಕೊಟ್ಟರು. “ಅಷ್ಟು ಓದಿದ್ದೀಯಲ್ಲ, ಎಲ್ಲಿ ಕೂತ್ರೆ ಬೀಳಲ್ಲ, ಯೋಳು.”

ನಾನು ಅಳೆದು, ಲೆಕ್ಕ ಮಾಡಿ, “ಗುರುತ್ವ ಕೇಂದ್ರ ಎಲ್ಲಿ ಬರುತ್ತೆ ಅಂದ್ರೆ ಅತ್ತೆ...” ಎಂದು ಶುರು ಮಾಡಿದೆ.

“ಕೇಂದ್ರ ಗೀಂದ್ರ ಬೇಡ. ಜಾಗ ತೋರ್ಸು.”

ತೋರಿಸಿದೆ. ಅಲ್ಲಿಗೆ ಸುಣ್ಣದಲ್ಲಿ ಒಂದು ಗುಂಡು ಬೊಟ್ಟು ಇಟ್ಟರು. ನಾನು ಓದಿದ ಫಿಸಿಕ್ಸು ಜೀವವಿರುವ ಪ್ರಾಣಿಯೊಂದಕ್ಕೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅತ್ತೆಯ ತರಬೇತಿಗೆ ಒಂದು ಕ್ರಮವಿತ್ತು. ಮೊದಲ ವಾರ ಒದ್ದೆ ಗೋಣಿಚೀಲ. ಆಮೇಲೆ ಅರ್ಧ ಮೂಟೆ ಬೂಸ. ಅದಕ್ಕಿಂತ ಹೆಚ್ಚಿನ ತೂಕಕ್ಕೆ ಏನು ಮಾಡುವುದು? ಗುಜರಿ ಅಂಗಡಿಯಲ್ಲಿ ಕಂಪನಿಗಳು ಎಸೆದ ಹಳೆಯ ಕಂಪ್ಯೂಟರ್ ಮಾನಿಟರುಗಳು ರಾಶಿ ಬಿದ್ದಿದ್ದವು, ಆ ಕಾಲದ ಹೊಟ್ಟೆ ದಪ್ಪದವು. ಎರಡನ್ನು ತಂದು ಬೆನ್ನಿನ ಎರಡೂ ಕಡೆ ಇಳಿಬಿಟ್ಟು ಕಟ್ಟಿ ಬೀದಿಯಲ್ಲಿ ನಡೆಸಿಕೊಂಡು ಹೊರಟರು.

“ಏನಕ್ಕಾ, ನಿಮ್ಮ ಹೋರಿ ಸಾಫ್ಟ್‌ವೇರಿಗೆ ಸೇರ್ಕೊಂಡಂಗದೆ?” ಎಂದ ಇಸ್ತ್ರಿ ಅಂಗಡಿಯವನು.

“ಊಂ ಕಣಪ್ಪ. ಮನೆಯಿಂದಾನೇ ಕೆಲ್ಸ!”

ಎದುರು ಮನೆಯ ತಾತ ಮಾತ್ರ ನಗಲಿಲ್ಲ. ಗೇಟು ಕಳೆದುಕೊಂಡ ಸಿಟ್ಟು ಅವರಿಗೆ ಇನ್ನೂ ಇತ್ತು. “ಬಸವಣ್ಣನ ಮೇಲೆ ಶಿವ ಬಿಟ್ರೆ ಇನ್ಯಾರೂ ಕೂರಬಾರ್ದು ಕಣಮ್ಮ. ಪಾಪ ಸುತ್ಕಂತದೆ” ಎಂದರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಅಂಗಾದ್ರೆ ಪಾರ್ವತಮ್ಮ? ಕೈಲಾಸದಿಂದ ನಡ್ಕಂಡು ಬತ್ತಿದ್ರಾ?”

ತಾತ ತಿರುಗಿ ಹೊರಟರು. ಶಿವ ಪಾರ್ವತಿಯರ ಚಿತ್ರವಿರುವ ಕ್ಯಾಲೆಂಡರ್ ನೋಡಲು ಒಳಗೆ ಹೋದರು ಎಂದು ಕಾಣುತ್ತದೆ. ಆ ವಿಷಯ ಮತ್ತೆ ಎತ್ತಲಿಲ್ಲ.

ಕೊನೆಗೊಂದು ದಿನ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಸೀರೆ ಎತ್ತಿ ಕಟ್ಟಿ, ಬೊಟ್ಟಿನ ಮೇಲೆ ಸರಿಯಾಗಿ ಕೂತರು. ಮೇನೇಜರ್ ಒಮ್ಮೆ ತಿರುಗಿ ನೋಡಿತು. ಮುಂಗಾಲು ಮಡಿಸಿತು. ಹಿಂಗಾಲು ಮಡಿಸಿತು. ಮಲಗಿ ಮೆಲುಕು ಹಾಕತೊಡಗಿತು.

ಮರುದಿನವೂ ಅಷ್ಟೇ. ಒಂದು ತಿಂಗಳು ಅಷ್ಟೇ! ಅತ್ತೆ ಹತ್ತುವುದು, ಮೇನೇಜರ್ ಮಲಗುವುದು. “ಅತ್ತೆ, ಅದು ಮಲಗ್ತಾ ಇದೆ” ಎಂದರೆ, “ಮಲಗ್ತಾ ಇಲ್ಲ ಕಣೇ. ನಂಗೆ ಇಳಿಯಕ್ಕೆ ಸುಲ್ಬ ಆಗ್ಲಿ ಅಂತ” ಎನ್ನುವರು. ಹೊಡೆಯಲಿಲ್ಲ, ಬಾಲ ತಿರುಚಲಿಲ್ಲ. ಬೆಲ್ಲ ತೋರಿಸಿದರು, ಕಿವಿಯ ಹಿಂದೆ ಕೆರೆದರು, ಕಾದರು.

ಒಂದು ಬೆಳಿಗ್ಗೆ ಅದು ಮಲಗಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿತು. ಮಾರನೆಯ ವಾರ ಬೀದಿಯ ಕೊನೆಯವರೆಗೆ ಹೋಯಿತು. ಅತ್ತೆ ಅದರ ಬೆನ್ನಿಗೆ ಹಳೆಯ ಬಣ್ಣದ ಜಮಖಾನ ಹಾಕಿ ಕೊರಳಿಗೆ ಗಂಟೆ ಕಟ್ಟಿದರು. ಅದೇ ತೊಂದರೆಯಾಯಿತು. ಕುತ್ತಿಗೆಗೆ ಗುರುತಿನ ಕಾರ್ಡು ತೂಗುಬಿಟ್ಟುಕೊಂಡಿದ್ದ ಯುವಕನೊಬ್ಬ ಕೋಲೆ ಬಸವ ಎಂದು ತಿಳಿದು ಚಪ್ಪಲಿ ಬಿಟ್ಟು ಕೈ ಮುಗಿದು, “ಈ ಸಲ ಅಪ್ರೈಸಲ್ ಚೆನ್ನಾಗಾಗುತ್ತಾ, ಸಂಬಳ ಏರುತ್ತಾ ಬಸವಣ್ಣ?” ಎಂದು ಕೇಳಿದ. ಹೋರಿಯ ಮೂಗಿನ ಮೇಲೆ ನೊಣ ಕೂತಿತ್ತು. ಮೇನೇಜರ್ ತಲೆ ಆಡಿಸಿತು. ಹದಿನೈದು ದಿನ ಬಿಟ್ಟು ಅವನು ಒಂದು ಗೊನೆ ಬಾಳೆಹಣ್ಣು ತಂದ! ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದರೆ ಅತ್ತೆ ಗದರಿದರು. “ಸುಮ್ನಿರೇ. ಮೇನೇಜರ್ ಊಂ ಅಂದ ಮೇಲೇ ತಾನೆ ಅಪ್ರೈಸಲ್ ಆಗದು?”

ಎರಡನೆಯ ಯುಗಾದಿ ಕಳೆಯಿತು. ಪರೀಕ್ಷೆಯ ಬೆಳಿಗ್ಗೆ ವ್ಯಾಪಾರಿಯ ಟೆಂಪೊ ಬಂದು ಗೇಟಿನ ಮುಂದೆ ನಿಂತಿತು. ಅತ್ತೆ ಅದರ ಕಡೆ ತಿರುಗಿಯೂ ನೋಡದೆ ಕಲ್ಲು ಹತ್ತಿ, ಬೆನ್ನೇರಿ, ಹೊರಟರು. ಹಿಂದೆ ಮೊಪೆಡ್ಡಿನಲ್ಲಿ ಅಪ್ಪ, ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರರ ಗಾಂಭೀರ್ಯದಲ್ಲಿ. ಅವರ ಹಿಂದೆ, ಗುಂಪಿಗೆ ಸೇರಿದವಳೋ ಅಲ್ಲವೋ ಎಂದು ತಿಳಿಯದಷ್ಟು ದೂರದಲ್ಲಿ, ನಾನು.

ಇಸ್ತ್ರಿ ಅಂಗಡಿ ದಾಟಿತು. ಬಸ್‌ಸ್ಟಾಪ್ ದಾಟಿತು. ಡೈರಿಯ ನೀಲಿ ಬೋರ್ಡು ಕಾಣಿಸತೊಡಗಿತು. ಅಲ್ಲಿ, ಹೊಸ ಅಪಾರ್ಟ್‌ಮೆಂಟಿನ ಗೇಟಿನೆದುರು, ಹಿಂದಿನ ದಿನದವರೆಗೂ ಇಲ್ಲದಿದ್ದ ಒಂದು ವಸ್ತು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಕರಿ ಡಾಂಬರು, ಬಿಳಿ ಪಟ್ಟೆ. ರಸ್ತೆ ಡುಬ್ಬ!

ಡುಬ್ಬವಿಲ್ಲದ ಹೋರಿ ಡುಬ್ಬವಿರುವ ರಸ್ತೆಯನ್ನು ನೋಡಿತು. ಮೂಸಿತು. ಮುಂಗಾಲು ಮಡಿಸಿತು.

ಬೆಳಿಗ್ಗೆ ಎಂಟೂವರೆ, ವೈಟ್‌ಫೀಲ್ಡಿಗೆ ಹೋಗುವ ಅಷ್ಟೂ ಕ್ಯಾಬುಗಳು ಹಿಂದೆ.

“ಅಕ್ಕಾ, ಗೇರ್ ಹಾಕಿ ಅಕ್ಕಾ!”

“ನ್ಯೂಟ್ರಲ್ಲಲ್ಲೈತೆ, ಇರಪ್ಪಾ!”

“ಮಗಾ, ವಿಡಿಯೋ ತೆಗಿ ಮಗಾ! ಸಕ್ಕತ್ತಾಗಿದೆ!”

“ಎತ್ತಿನ ಮೇಲೆ ಬಂದು ಟ್ರಾಫಿಕ್ ಜಾಮ್ ಮಾಡ್ತಾರಲ್ಲ ಗುರು!”

ಅತ್ತೆ ಕಾಲು ನೆಲಕ್ಕೆ ತಾಗುತ್ತಿದ್ದರೂ ನೆಟ್ಟಗೆ ಕೂತಿದ್ದರು. ಬೆಲ್ಲ ತೋರಿಸಿದರು. ಕಿವಿಯಲ್ಲಿ ಏನೋ ಹೇಳಿದರು. ಒಮ್ಮೆ ತಿರುಗಿ ನನ್ನನ್ನು ಹುಡುಕಿದರು. ನಾನು ಏನು ಮಾಡಿದೆ? ಪಕ್ಕದ ಮೆಡಿಕಲ್ ಶಾಪಿಗೆ ಹೋಗಿ, ಬೇಡದ ಬ್ಯಾಂಡೇಜು ಕೊಂಡೆ. ಕೊಂಡು, ಅದರ ಮೇಲೆ ಬರೆದಿದ್ದ ಎಕ್ಸ್‌ಪೈರಿ ದಿನಾಂಕವನ್ನು ಬಹಳ ಹೊತ್ತು ಓದಿದೆ. “ಯಾರು ಮೇಡಂ ಅವರು?” ಎಂದು ಅಂಗಡಿಯವನು ಕೇಳಿದ. “ಗೊತ್ತಿಲ್ಲ” ಎಂದೆ.

ಇಪ್ಪತ್ತು ನಿಮಿಷದ ನಂತರ ಮೇನೇಜರ್ ತಾನಾಗಿಯೇ ಎದ್ದು, ಬಂದ ದಾರಿಗೆ ತಿರುಗಿತು.

ಮನೆಗೆ ಬಂದು ಅತ್ತೆ ಅದನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ, ಜಮಖಾನ ತೆಗೆದು ಮಡಿಸಿಟ್ಟರು. ಗಂಟೆ ಬಿಚ್ಚಿದರು. ಆಮೇಲೆ ಮಾತಿನಂತೆ ತಾವೇ ಹೋಗಿ ಗೇಟು ತೆಗೆದರು.

“ಕರ್ಕಂಡೋಗಪ್ಪ” ಎಂದರು ವ್ಯಾಪಾರಿಗೆ. “ಕೆಲ್ಸಕ್ಕೆ ಬರಲ್ಲ.”

ಅಪ್ಪ ತಟ್ಟನೆ ತಲೆಯೆತ್ತಿದರು. ಇಪ್ಪತ್ತೆರಡು ವರ್ಷದ ಹಿಂದೆ ಅತ್ತೆಯ ಗಂಡನ ಮನೆಯವರು, ಮಕ್ಕಳಾಗಲಿಲ್ಲವೆಂದು, ಅವರನ್ನು ಒಂದು ಟ್ರಂಕಿನ ಸಮೇತ ಇದೇ ಗೇಟಿನ ಮುಂದೆ ಇಳಿಸಿ ಹೇಳಿ ಹೋದ ಮಾತು ಅದೇ ಆಗಿತ್ತಂತೆ. ಅಜ್ಜಿ ನನಗೆ ಒಮ್ಮೆ ಹೇಳಿದ್ದರು. ಆ ದಿನ ಟ್ರಂಕನ್ನು ಒಳಗೆ ಹೊತ್ತುಕೊಂಡು ಬಂದವರು ಅಪ್ಪ. ಆಮೇಲೆ ಅವರಿಬ್ಬರ ಮುಂದೆ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತಿಲ್ಲ.

ದನ ಹೋದರೂ ಹಗ್ಗ ಮನೆಯಲ್ಲೇ ಉಳಿಯಬೇಕು, ಗಂಟನ್ನು ಮನೆಯ ಯಜಮಾನನೇ ಬಿಚ್ಚಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಅಪ್ಪ ಗೂಟದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಗಂಟು ಹಿಡಿದರು. ಆ ಕಡೆ ಎಳೆದರು, ಈ ಕಡೆ ಎಳೆದರು. ಬೆವರು ಒರೆಸಿಕೊಂಡರು.

“ಬರ್ತಿಲ್ಲ ಕಣಯ್ಯ.”

“ಕುಯ್ದಾಕಿ ಅಣ್ಣ” ಎಂದ ವ್ಯಾಪಾರಿ.

“ಹಗ್ಗ ಆಳಾಯ್ತದೆ.”

“ಇಲ್ಲಾಂದ್ರೆ ಬಿಡಿ, ನಾನು ಬಿಚ್ತೀನಿ.”

“ನನ್ ಕೈಲೇ ಆಗ್ತಿಲ್ಲ, ನಿನ್ ಕೈಲಿ ಆಯ್ತದಾ? ಓಗಯ್ಯ.”

ಅದು ಜಾರುಗಂಟು. ಒಂದು ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿತ್ತು. ವ್ಯಾಪಾರಿ ಗಂಟನ್ನು ನೋಡಿದ, ಅಪ್ಪನನ್ನು ನೋಡಿದ, ಗೇಟು ಹಿಡಿದು ನಿಂತಿದ್ದ ಅತ್ತೆಯನ್ನು ನೋಡಿದ. ಹೋಗಿ ಟೆಂಪೊ ಸ್ಟಾರ್ಟ್ ಮಾಡಿದ.

“ಅದೇನು ಗಂಟು ಆಕಿದ್ದೀಯಮ್ಮ ನೀನು!” ಎಂದು ಅಪ್ಪ ರೇಗಿದರು.

“ಗಟ್ಟಿಯಾಗೇ ಆಕಿದ್ದೆ ಅಣ್ಣ” ಎಂದರು ಅತ್ತೆ, ಸಣ್ಣ ದನಿಯಲ್ಲಿ. ಒಳಗೆ ಹೋಗಿ ಕಾಫಿ ಮಾಡಿ ತಂದರು. ಅಪ್ಪನಿಗೆ ಸಕ್ಕರೆ ಕಾಯಿಲೆ. ಆ ಕಾಫಿಯಲ್ಲಿ ಎಷ್ಟು ಸಕ್ಕರೆ ಬಿದ್ದಿತ್ತೋ, ಅಪ್ಪ ಪೂರ್ತಿ ಕುಡಿದರು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋದೆ. ಹಗ್ಗದ ತುದಿ ಎಳೆದೆ, ಗಂಟು ಬಿಚ್ಚಿಕೊಂಡಿತು. ಮೇನೇಜರನ್ನು ನಡೆಸಿಕೊಂಡು ಆ ಅಪಾರ್ಟ್‌ಮೆಂಟಿನ ಮುಂದಕ್ಕೆ ಬಂದೆ. ಕ್ಯಾಬುಗಳು ಆಗಲೇ ಓಡಾಡುತ್ತಿದ್ದವು. ಅದು ಬಿಳಿ ಪಟ್ಟೆ ಕಂಡು ನಿಂತಿತು. ನಾನು ಹಗ್ಗ ಸಡಿಲ ಬಿಟ್ಟು, ಅದು ನೋಡುತ್ತಿರುವ ಹಾಗೆ, ಡುಬ್ಬ ಹತ್ತಿ ಇಳಿದೆ. ತಿರುಗಿ ಬಂದು ಇನ್ನೊಮ್ಮೆ ಹತ್ತಿ ಇಳಿದೆ. ಮೆಡಿಕಲ್ ಶಾಪಿನವನು ಅರ್ಧ ಎತ್ತಿದ ಶಟರಿನ ಕೆಳಗಿನಿಂದ ಬಗ್ಗಿ ನೋಡಿದ.

“ಏನ್ ಮೇಡಂ, ಯಾರದು ಇದು?”

“ನಮ್ಮದು. ನಿನ್ನೆ ಮೇಲೆ ಕೂತಿದ್ದವರು ನಮ್ಮ ಅತ್ತೆ” ಎಂದೆ, ಅವನಿಗೆ ಸರಿಯಾಗಿ ಕೇಳಿಸುವಷ್ಟು ಜೋರಾಗಿ. ಮೇನೇಜರ್ ಒಂದು ಕಾಲನ್ನು ಡುಬ್ಬದ ಅಂಚಿಗೆ ತಂದು ಇಟ್ಟಿತ್ತು. ನಾನು ಮತ್ತೆ ಡುಬ್ಬ ಹತ್ತಿದೆ.